ಒಂದೇ ಶ್ರುತಿಯಲ್ಲಿ ಗಂಡಸರೂ ಹೆಂಗಸರೂ: ನಮ್ಮ ಬಡಾವಣೆಯ ಗಾಯನ ತಂಡ

ಗಂಡಸರು, ಹೆಂಗಸರು ಒಂದೇ ಶ್ರುತಿಯಲ್ಲಿ, ಅಂದರೆ ಒಂದೇ 'ಸ' ಹಿಡಿದು, ಹಾಡೋದು ಆಗದ ಮಾತು, ಎರಡು ತಂಡ ಮಾಡಿಬಿಡಿ ಅಂತ ನಮಗೆ ಹೇಳದವರಿಲ್ಲ. ನಮ್ಮ ಹಾರ್ಮೋನಿಯಂನವರೇ ಮೊದಲು ಹೇಳಿದ್ದು. ಈಗ ಮೈಸೂರಿನ ಬೇರೆ ಬಡಾವಣೆಯವರು ನಮ್ಮ ಅಭ್ಯಾಸ ಕೇಳಲು ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹತ್ತು ಹನ್ನೆರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ನಾಡಗೀತೆ ಹಾಡಲು ಸೇರಿದವರು ನಾವು. ಐದರ ಶ್ರುತಿಯಲ್ಲಿ (ಅಂಕಿ ಏರಿದಷ್ಟೂ ಶ್ರುತಿ ಎತ್ತರ) ಹಾಡಿದರೆ ಚರಣದಲ್ಲಿ ಗಂಡಸರ ಗಂಟಲು ಕಟ್ಟುತ್ತಿತ್ತು. ಒಂದೂವರೆಗೆ ಇಳಿಸಿದರೆ ಹೆಂಗಸರ ಮಂದ್ರ, ಅಂದರೆ ಕೆಳಗಿನ ಸ್ವರಗಳು, ಕೇಳಿಸುತ್ತಲೇ ಇರಲಿಲ್ಲ. ಅವರಿಗೊಂದು ಹಾಡು, ಇವರಿಗೊಂದು ಹಾಡು ಅಂತ ಹಂಚಿದೆವು. ಪ್ರತಿ ಸಲ ಶ್ರುತಿ ಬದಲಿಸಿ ತಬಲಾ ಕೂಡಿಸುವಷ್ಟರಲ್ಲಿ ಸಭೆ ಮಾತಿಗಿಳಿಯುತ್ತಿತ್ತು.

ಮೈಕ್ ಜಾಸ್ತಿ ಇಟ್ಟರೆ ಸರಿಹೋಗುತ್ತದೆ ಅಂತ ಯಾರೋ ಅಂದರು. ಸಲಕ್ಕೆ 6,000 ರೂಪಾಯಿ ಬಾಡಿಗೆ. ಒಂದೇ ವರ್ಷದಲ್ಲಿ 25 ಸಾವಿರದ ಹತ್ತಿರ ಹೋಯಿತು. ತಿಂಗಳಿಗೆ ತಲಾ 100 ರೂಪಾಯಿ ಹಾಕುವ ತಂಡಕ್ಕೆ ಅದು ದೊಡ್ಡ ಪೆಟ್ಟು. ಹಿರಿಯರೊಬ್ಬರು ಕೈಯಿಂದ ಹಾಕಿದ್ದಕ್ಕೆ ತಂಡ ಉಳಿಯಿತು.

ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಕಟ್ಟಿದ ಗಾಯನ ತಂಡ ಮದ್ರಾಸ್ ಯೂತ್ ಕ್ವಾಯರ್ ಕೇಳಿ ಹಾರ್ಮನಿಗೂ, ಅಂದರೆ ಒಂದೇ ಹಾಡಿಗೆ ಬೇರೆ ಬೇರೆ ಸ್ವರದ ಸಾಲು ಒಟ್ಟಿಗೆ ಹಾಡೋದಕ್ಕೂ, ಕೈ ಹಾಕಿದೆವು. ನಮ್ಮವರು ಪಕ್ಕದವರ ಸಾಲಿಗೇ ಜಾರುತ್ತಿದ್ದರು. ಆದರೆ ದಾರಿ ಹೊಳೆದಿದ್ದು ಅಲ್ಲೇ. ಎಲ್ಲರೂ ಪೂರ್ತಿ ಟ್ಯೂನ್ ಹಾಡಲೇಬೇಕು ಅಂತೇನಿಲ್ಲ, ಅಲ್ವಾ?

ಈಗ ನಮ್ಮ ಶ್ರುತಿ ನಾಲ್ಕು. ಪಲ್ಲವಿ ಎಲ್ಲರದ್ದು. ಚರಣ ತಾರ ಷಡ್ಜ (ಮೇಲಿನ 'ಸ') ದಾಟುವ ಕಡೆ ಗಂಡಸರು ಟ್ಯೂನ್ ಬಿಟ್ಟು ಅದೇ ಸಾಹಿತ್ಯವನ್ನು ಮಧ್ಯಸ್ಥಾಯಿಯ 'ಪ' ಒಂದೇ ಸ್ವರದ ಮೇಲೆ ಹೇಳುತ್ತಾರೆ. ಮಂದ್ರಕ್ಕಿಳಿಯುವ ಕಡೆ ಹೆಂಗಸರು 'ಸ' ಮೇಲೆ ನಿಲ್ಲುತ್ತಾರೆ. ನಿಲ್ಲೋದು ಸುಲಭ, ಟ್ಯೂನಿಗೆ ಮರಳೋದು ಕಷ್ಟ. ತಿಂಗಳುಗಟ್ಟಲೆ ಬರೀ ಆ ಜಾಗಗಳನ್ನೇ ತಿದ್ದಿದೆವು. ಯಾರ ಪಕ್ಕ ಯಾರನ್ನು ನಿಲ್ಲಿಸಬೇಕು ಅನ್ನೋದರಲ್ಲಿ ಅರ್ಧ ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಭ್ಯಾಸಕ್ಕೆ ಬಂದವರು ನೋಡಿ ತಿಳಿಯಲಿ.

ಹಿಂದೋಳ ರಾಗದಲ್ಲಿ 'ಪ' ಇಲ್ಲವಲ್ಲ, ಏನು ಮಾಡ್ತೀರಿ ಅಂತ ಒಬ್ಬರು ಕೆಣಕಿದರು. 'ಮ' ಹಿಡಿದು ನೋಡಿದೆವು. ಗಂಡಸರ ದನಿಗೆ ಅದು 'ಪ'ಗಿಂತ ಚೆನ್ನಾಗಿ ಕೂತಿತು! ಹಾರ್ಮೋನಿಯಂ ಬಿಟ್ಟು ಬರೀ ತಂಬೂರಿ ಹಾಕಿಕೊಂಡೂ ಹಾಡಿ ನೋಡಿದೆವು. ಅಭ್ಯಾಸಕ್ಕೆ ಬಹಳ ಒಳ್ಳೆಯದು, ವೇದಿಕೆಗೆ ಧೈರ್ಯ ಸಾಲದು.

ನಾಡಗೀತೆಯದ್ದೇ ಬೇರೆ ತಕರಾರು. ಅರ್ಧ ಜನಕ್ಕೆ ಸಿ. ಅಶ್ವಥ್ ಧಾಟಿ, ಇನ್ನರ್ಧಕ್ಕೆ ಮೈಸೂರು ಅನಂತಸ್ವಾಮಿ ಧಾಟಿ. 2022ರಲ್ಲಿ ಸರ್ಕಾರವೇ ಅನಂತಸ್ವಾಮಿ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತು ಮಾಡಿದ ಮೇಲೆ ಜಗಳ ನಿಂತಿತು. ಅದೇ ವರ್ಷ ಅಕ್ಟೋಬರ್ 28ರಂದು, ರಾಜ್ಯದೆಲ್ಲೆಡೆ ಒಟ್ಟಿಗೆ ಕನ್ನಡ ಹಾಡು ಹಾಡಿದ ಕೋಟಿ ಕಂಠ ಗಾಯನದ ದಿನ, ನಾವು ಮೊದಲ ಸಲ ಪೂರ್ತಿ ಈ ರೀತಿಯಲ್ಲೇ ಹಾಡಿದೆವು. ಮೂವತ್ತೈದು ನಲವತ್ತು ಜನ ಇದ್ದೆವು. ಒಬ್ಬರ ಗಂಟಲೂ ಕಟ್ಟಲಿಲ್ಲ. ಹಾರ್ಮೋನಿಯಂನವರು ಮುಗಿದ ಮೇಲೆ ಬಂದು, ಇನ್ನು ಶ್ರುತಿ ನಾಲ್ಕೇ ಇರಲಿ ಅಂದರು.

ಈಗ ಎರಡು ಮೈಕ್ ಸಾಕು, 2,000 ರೂಪಾಯಲ್ಲಿ ಮುಗಿಯುತ್ತದೆ. ಉಳಿದ ದುಡ್ಡಲ್ಲಿ ಈ ಸಲ ಹಾರ್ಮೋನಿಯಂ ರೀಡ್ ಬದಲಿಸುತ್ತಿದ್ದೇವೆ.