ನಂಬರ್ ಪ್ಲೇಟನ್ನು ಭದ್ರವಾಗಿ ಕೂರಿಸಿದ ಬಗೆ: ನನ್ನ ಅನುಭವ

ಹತ್ತು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ಮುಂಬಯಿಯ ಸಯನ್‌ನ ಗಾಂಧಿ ಮಾರ್ಕೆಟ್ ಬಳಿ ಬಂಪರಿನ ಮಟ್ಟಕ್ಕೆ ನಿಂತಿದ್ದ ಮಳೆನೀರನ್ನು ದಾಟಿ ಚೆಂಬೂರಿನ ಮನೆಗೆ ಬಂದು ನೋಡಿದರೆ, ನನ್ನ ಕಾರಿನ ಮುಂದಿನ ನಂಬರ್ ಪ್ಲೇಟು ಇರಲಿಲ್ಲ. ಸ್ಕ್ರೂಗಳೆರಡೂ ಮಾತ್ರ ಇದ್ದಲ್ಲೇ ಇದ್ದವು. ಒಂದರ ತಲೆಯಡಿಯಲ್ಲಿ ಉಂಗುರದಷ್ಟು ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿತ್ತು. ಅದರ ಅಂಚಿನಲ್ಲಿ ಹಿಟ್ಟಿನಂಥ ಬಿಳಿ ಪುಡಿ ಕಟ್ಟಿತ್ತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದ ನನಗೆ ಅದನ್ನು ಕಂಡಾಗ ಪ್ಲೇಟು ಹೋದ ಬೇಸರಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಸ್ಕ್ರೂ ಬಿಗಿಯಾಗಿದ್ದರೆ ಸಾಕು, ಪ್ಲೇಟು ನಿಲ್ಲುತ್ತದೆ ಎಂದು ನಾನೂ ಎಲ್ಲರಂತೆ ನಂಬಿದ್ದೆ. ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಹೋದಾಗ, ಅಂಗಡಿಯೊಂದರ ಕಾವಲುಗಾರ ನೀರಿಳಿದ ಮೇಲೆ ಸಿಕ್ಕಿದ ಏಳೆಂಟು ಪ್ಲೇಟುಗಳನ್ನು ಗೋಡೆಗೆ ಒರಗಿಸಿಟ್ಟಿದ್ದ. ಎಂಎಚ್ 03 ಎಂದು ಶುರುವಾಗುವ ನನ್ನದೂ ಅದರಲ್ಲಿತ್ತು. ಎಲ್ಲವೂ ತೂತಿನ ಬಳಿಯೇ ಹರಿದಿದ್ದವು.

ಕಾರಿನ ಪ್ಲೇಟು ಸಾಮಾನ್ಯವಾಗಿ 500 ಮಿ.ಮೀ. ಉದ್ದ, 120 ಮಿ.ಮೀ. ಎತ್ತರದ ತೆಳು ಹಾಳೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಂತ ನೀರಿಗೆ ನುಗ್ಗಿದಾಗ ಅಷ್ಟು ಅಗಲದ ಮೇಲೆ ಬೀಳುವ ಒತ್ತಡವನ್ನು ಲೆಕ್ಕ ಹಾಕಿ ನೋಡಿದೆ; ಸುಮಾರು 90 ಕಿಲೋ ಭಾರಕ್ಕೆ ಸಮನಾಗುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಅದು ಕಾಲು ಭಾಗಕ್ಕಿಳಿಯುತ್ತದೆ. ಆದರೆ ಎದುರಿನಿಂದ ಬರುವ ಒತ್ತಡ ಪ್ಲೇಟನ್ನು ಬಂಪರಿಗೇ ಒತ್ತಿ ಹಿಡಿಯುತ್ತದಲ್ಲ, ಹಾಗಿದ್ದರೆ ಕಿತ್ತದ್ದು ಹೇಗೆ? ಬಂಪರು ಬಾಗಿದೆ, ಪ್ಲೇಟು ಸಪಾಟಾಗಿದೆ. ನಡುವೆ ತಾಗಿಕೊಂಡು ಎರಡೂ ತುದಿಗಳಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ನೀರು ಆ ಸಂದಿನೊಳಗೆ ಹೊಕ್ಕು, ದೋಸೆಯಡಿಗೆ ಮೊಗಚುವ ಕೈ ತೂರಿಸಿದಂತೆ, ಹಿಂದಿನಿಂದ ಎಬ್ಬಿಸುತ್ತದೆ. ಅದಕ್ಕೆ ಮೊದಲೇ ತೂತಿನ ಅಂಚು ಸವೆದಿರುತ್ತದೆ, ಏಕೆಂದರೆ ಅಲ್ಯೂಮಿನಿಯಂ ಹಾಳೆಗೆ ಕಬ್ಬಿಣದ ಸ್ಕ್ರೂ ತಾಗಿದ್ದು ನಡುವೆ ಉಪ್ಪಿನ ತೇವ ಸೇರಿದರೆ ಕರಗುವುದು ಅಲ್ಯೂಮಿನಿಯಮ್ಮೇ. ಮುಂಬಯಿಯ ಗಾಳಿಯಲ್ಲಿ ಆ ತೇವಕ್ಕೇನೂ ಬರವಿಲ್ಲ. ಆ ಬಿಳಿ ಪುಡಿ ಅದರದೇ ಗುರುತು.

ಆದ್ದರಿಂದ ಪ್ಲೇಟನ್ನು ಎರಡು ತೂತುಗಳಲ್ಲಿ ನೇತುಹಾಕುವ ಬದಲು ಅದರ ಇಡೀ ಬೆನ್ನಿಗೆ ಆಸರೆ ಕೊಡಬೇಕೆಂದು ತೀರ್ಮಾನಿಸಿದೆ. ಮೊದಲ ಸಲ ಅಡುಗೆಮನೆಯ ಹಳೆಯ ಪ್ಲಾಸ್ಟಿಕ್ ತರಕಾರಿ ಮಣೆಯನ್ನು ಕೊಯ್ದು ಹಲಗೆ ಮಾಡಿಕೊಂಡೆ. ಮನೆಯಾಕೆಯ ಬೈಗುಳ ತಿಂದದ್ದೊಂದೇ ಅದರ ಫಲ, ಏಕೆಂದರೆ ಅಂಥ ಮಣೆಯ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಫೋಮ್ ಟೇಪು ವಾರದೊಳಗೆ ಬಿಟ್ಟುಕೊಂಡಿತು. ಎರಡನೆಯ ಸಲ ನಾಮಫಲಕ ಮಾಡುವ ಅಂಗಡಿಯಿಂದ 3 ಮಿ.ಮೀ. ದಪ್ಪದ ಎಸಿಪಿ ಶೀಟಿನ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ತುಂಡನ್ನು ತಂದೆ. ಅದರ ಎರಡೂ ಮೈ ಅಲ್ಯೂಮಿನಿಯಮ್ಮೇ ಆದ್ದರಿಂದ ಪ್ಲೇಟಿಗೂ ಅದಕ್ಕೂ ಜಗಳವಿಲ್ಲ. ಬಂಪರನ್ನು ಒಳಗಿನಿಂದ ತಲುಪಲು ಕೆಳಗಿನ ಕವರ್ ಬಿಚ್ಚಿ, ನಾಲ್ಕು ಎಂ6 ಸ್ಟೇನ್‌ಲೆಸ್ ಬೋಲ್ಟುಗಳನ್ನು ತಲೆ ಮೇಲೇಳದಂತೆ ಕೌಂಟರ್‌ಸಿಂಕ್ ಮಾಡಿ ಹಾಕಿ, ಒಳಬದಿಯಲ್ಲಿ ಅಗಲವಾದ ವಾಷರ್ ಮತ್ತು ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟುಗಳಿಂದ ಬಿಗಿದೆ. ಉಕ್ಕು ಎಸಿಪಿಯನ್ನು ನೇರವಾಗಿ ಮುಟ್ಟದಿರಲೆಂದು ನಡುವೆ ನೈಲಾನ್ ವಾಷರ್ ಇಟ್ಟೆ. ತುದಿಗಳ ಸಂದಿಗೆ ಬಾಗಿಲಿನ ಹಳೆಯ ರಬ್ಬರ್ ಬೀಡಿಂಗನ್ನು ಓರೆಯಾಗಿ ಕೊಯ್ದು ತುಂಬಿದೆ. ಸಂದಿಗೆ ಸಿಲಿಕೋನ್ ಸೀಲಂಟ್ ಬಳಸುವವರಿಗೆ ಒಂದು ಮಾತು: ವಿನೆಗರ್ ವಾಸನೆ ಬರುವ ಜಾತಿಯದು ಒಣಗುವಾಗ ಆಮ್ಲ ಬಿಟ್ಟು ಲೋಹವನ್ನು ತಿನ್ನುತ್ತದೆ, ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು.

ಈ ಹಲಗೆಯ ಮೇಲೆ ಹಳೆಯ ಮಾದರಿಯ ಹೊಸ ಪ್ಲೇಟು ಎಷ್ಟೋ ಮಳೆಗಾಲಗಳನ್ನು ಕಳೆಯಿತು. ಆಮೇಲೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಬಂತು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ಮಹಾರಾಷ್ಟ್ರದಲ್ಲಿ ಆದೇಶವಾಗಿ, 2025ರ ಮಾರ್ಚ್ 31ರ ಗಡುವು ಮತ್ತೆ ಮತ್ತೆ ಮುಂದೆ ಹೋದ ಕಾಲದಲ್ಲಿ ನಾನೂ ಸರದಿಯಲ್ಲಿ ನಿಂತೆ. ಈ ಪ್ಲೇಟನ್ನು ಸ್ಕ್ರೂ ಹಾಕಿ ಕೂರಿಸುವಂತಿಲ್ಲ. ಬಿಚ್ಚಲಾಗದ, ಮತ್ತೆ ಬಳಸಲಾಗದ ಸ್ನ್ಯಾಪ್ ಲಾಕುಗಳಿಂದಲೇ ಕೂರಿಸಬೇಕು. ಆದ್ದರಿಂದ ಮನೆಯಲ್ಲಿ ನಾವು ಮಾಡಬಹುದಾದದ್ದೆಲ್ಲ ಪ್ಲೇಟಿನ ಹಿಂದಿನ ಕೆಲಸ ಮಾತ್ರ, ಅದೂ ಲಾಕು ಬೀಳುವ ಮೊದಲು. ಹಲಗೆಯನ್ನು ಒರೆಸಿ ಸಿದ್ಧಮಾಡಿ ಒಯ್ದೆ. ಕೂರಿಸುವ ಹುಡುಗ ವಿಜಯಪುರದ ಕಡೆಯವನು. ನನ್ನ ಕನ್ನಡ ಕೇಳಿ ಮುಖವರಳಿಸಿದರೂ ಹಲಗೆಯನ್ನು ಕಂಡು ಗೊಣಗಿದ: "ಕಾಕಾ, ಲಾಕ್ ಒಮ್ಮೆ ಕೂತ್ರ ಮುರದ ತಗೀಬೇಕ್ರಿ, ಆಮ್ಯಾಲ ನನಗ ಅನಬ್ಯಾಡ್ರಿ." ಪ್ಲೇಟನ್ನಿಟ್ಟು ಅದರ ತೂತುಗಳ ನೇರಕ್ಕೆ ಗುರುತು ಮಾಡಿ, ಹಲಗೆಗೂ ಬಂಪರಿಗೂ ಒಟ್ಟಿಗೆ ಡ್ರಿಲ್ ಹೊಡೆಯುವಂತೆ ಕೇಳಿಕೊಂಡೆ, ಲಾಕಿನ ಹಿಡಿತ ಎರಡರ ಮೇಲೂ ಬಿದ್ದಿತು.

ಲಾಕು ಹಾಕುವ ಮುನ್ನ ಪ್ಲೇಟಿನ ಬೆನ್ನಿಗೂ ಹಲಗೆಗೂ ನಡುವೆ ಅಂಚಿನುದ್ದಕ್ಕೂ ಅಕ್ರಿಲಿಕ್ ಫೋಮ್ ಟೇಪು ಅಂಟಿಸಿದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎರಡೂ ಮೈ ಒರೆಸದೆ ಇದನ್ನು ಅಂಟಿಸುವುದು ದುಡ್ಡು ದಂಡ. ಟೇಪು ಪೂರ್ತಿ ಹಿಡಿಯಲು 72 ಗಂಟೆ ಬೇಕಾದ್ದರಿಂದ ಮೂರು ದಿನ ಕಾರು ತೊಳೆಯಲಿಲ್ಲ. ಪ್ಲೇಟಿಗೆ ಹೆಚ್ಚಿನ ತೂತು ಕೊರೆಯುವ ಯೋಚನೆಯನ್ನಂತೂ ಯಾರೂ ಮಾಡಬಾರದು, ಎಡತುದಿಯಲ್ಲಿ ಅಶೋಕ ಚಕ್ರದ ಹಾಲೋಗ್ರಾಮ್ ಮತ್ತು ಲೇಸರಿನಲ್ಲಿ ಕೆತ್ತಿದ ಸಂಖ್ಯೆ ಇರುತ್ತವೆ. ಅವನ್ನು ಅರ್ಧ ಮುಚ್ಚುವ ಅಲಂಕಾರದ ಫ್ರೇಮುಗಳೂ ನನಗೆ ಸಲ್ಲವು.

ಹಿಂದಿನ ಪ್ಲೇಟಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಡಿಕ್ಕಿ ಮುಚ್ಚಿದಾಗ ಕೇಳುತ್ತಿದ್ದ ಗಲಗಲ ಸದ್ದು ಕೆಳಅಂಚಿನ ಒಂದು ಫೋಮ್ ಪಟ್ಟಿಯಿಂದಲೇ ನಿಂತಿತು. ಮಗಳ ಸ್ಕೂಟರಿನ ಹಿಂದಿನ 200 × 100 ಮಿ.ಮೀ. ಪ್ಲೇಟಿಗೆ ನೀರಿಗಿಂತ ನಡುಕವೇ ಶತ್ರು. ಅಲುಗುವ ಮಡ್‌ಗಾರ್ಡಿನ ಮೇಲೆ ಅದರ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು ಆಗಲೇ ಕಾಣಿಸಿದೆ. ಬೆನ್ನಿಗೆ ಹಲಗೆ ಕೊಡದೆಯೇ ಲಾಕು ಹಾಕಿಸಿಕೊಂಡು ಬಂದಿದ್ದಾಳೆ. ಈಗ ಅದನ್ನು ಮುರಿಯದೆ ನಾನು ಏನೂ ಮಾಡುವಂತಿಲ್ಲ. ಬದಲಿ ಪ್ಲೇಟಿಗೆ ಅರ್ಜಿ ಹಾಕಿದ್ದೇವೆ, ಎಸಿಪಿಯ ತುಂಡು ಕೊಯ್ದು ಸಿದ್ಧವಾಗಿದೆ.