ಅತ್ತೆಯ ಬಯಾಪ್ಸಿ ವರದಿ ಓದಲು ಕಲಿತದ್ದು

ನಮ್ಮತ್ತೆಗೆ ಮುಟ್ಟು ನಿಂತು ಒಂಬತ್ತು ವರ್ಷವಾಗಿತ್ತು. ಹಿತ್ತಲ ತಂತಿಯ ಮೇಲೆ, ಟವೆಲ್ಲಿನಡಿ ಮುಚ್ಚಿ ಒಣಹಾಕಿದ್ದ ಹಳೇ ಸೀರೆಯ ತುಂಡು ನನ್ನ ಕಣ್ಣಿಗೆ ಬಿತ್ತು. ಕೇಳಿದೆ. "ಉಷ್ಣ ಕಣಮ್ಮ, ಮೆಂತ್ಯ ನೆನೆಸಿ ಕುಡೀತಿದೀನಿ" ಅಂದರು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಉಷ್ಣ ಅನ್ನಬೇಡಿ, ಅದೇ ವಾರ ಡಾಕ್ಟರಿಗೆ ತೋರಿಸಿ. ಗಂಡನ ಜೊತೆ ಸೇರಿದಾಗ ರಕ್ತ ಹೋದರೂ, ನಾರುವ ಬಿಳಿಸೆರಗು ನಿಲ್ಲದಿದ್ದರೂ ಅಷ್ಟೇ.

ಡಾಕ್ಟರು ಒಳಗಿನ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು, ಅದೇ ಬಯಾಪ್ಸಿ. ಅದರ ವರದಿಯಲ್ಲಿ ಮೊದಲು, ಗಡ್ಡೆ ಹುಟ್ಟಿದ್ದೆಲ್ಲಿ ಅಂತ ಹುಡುಕಿ. ಊರಿನವರಿಗೆ ಎಲ್ಲವೂ 'ಗರ್ಭಕೋಶದ ಕ್ಯಾನ್ಸರ್'. ಸರ್ವಿಕ್ಸ್ ಅಂದರೆ ಗರ್ಭಕೋಶದ ಕೊರಳು. ಎಂಡೋಮೆಟ್ರಿಯಂ ಅಂದರೆ ಒಳಪದರ, ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಓವರಿ ಅಂದರೆ ಅಂಡಾಶಯ. ಅಲ್ಲಿ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕೆನಿಸುವುದು ಸುಳಿವು.

ಅತ್ತೆಯದು ಕೊರಳಿನದು, 'ಗ್ರೇಡ್ 3'. ಆ 3 ನೋಡಿ ನಮ್ಮೆಜಮಾನ್ರು ಮೂರನೇ ಹಂತವೆಂದು ಮೆಟ್ಟಿಲ ಮೇಲೇ ಕುಸಿದು ಕೂತರು. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಜೀವಕೋಶ ಎಷ್ಟು ಕೆಟ್ಟಿದೆ ಅನ್ನುವುದು ಗ್ರೇಡ್. ಕಾಯಿಲೆ ಎಲ್ಲಿವರೆಗೆ ಹೋಗಿದೆ ಅನ್ನುವುದು ಸ್ಟೇಜ್. ಅದು ಒಳಪರೀಕ್ಷೆ, ಎಂಆರ್‌ಐ ಆದ ಮೇಲೆ ತಿಳಿಯುತ್ತದೆ. ಕೊರಳಿನಲ್ಲೇ ಇದ್ದರೆ 1. ಆಚೆ ಹರಡಿ ಸೊಂಟದ ಗೋಡೆ ಮುಟ್ಟದಿದ್ದರೆ 2. ಗೋಡೆ ಅಥವಾ ಯೋನಿಯ ಕೆಳಭಾಗ ಮುಟ್ಟಿದರೆ, ಮೂತ್ರನಾಳ ಒತ್ತಿ ಕಿಡ್ನಿ ಊದಿದರೆ, ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗಿದ್ದರೆ 3. ಮೂತ್ರಕೋಶ, ಗುದನಾಳದೊಳಕ್ಕೆ ಅಥವಾ ಶ್ವಾಸಕೋಶದಂಥ ದೂರದ ಅಂಗಕ್ಕೆ ಹೋಗಿದ್ದರೆ 4. ಅಂಕಿಯ ಜೊತೆ ಅಕ್ಷರವನ್ನೂ ಕೇಳಿ ಫೈಲಿನ ಮೇಲೆ ಬರೆದುಕೊಳ್ಳಿ.

ಅತ್ತೆಯದು 2ಬಿ, ಕೊರಳಿನ ಪಕ್ಕದ ಅಂಗಾಂಶಕ್ಕೆ ಹರಡಿತ್ತು. ಆಪರೇಷನ್ ಇಲ್ಲ ಅಂದಾಗ "ಡಾಕ್ಟ್ರು ಕೈಬಿಟ್ರಂತೆ" ಅಂತ ನೆಂಟರು ಪಿಸುಗುಟ್ಟಿದರು. ಹಾಗಲ್ಲ. ಈ ಹಂತಕ್ಕೆ ಕರೆಂಟ್ ಕೊಡುವುದು, ಅಂದರೆ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಕೀಮೋ, ಇದೇ ಸರಿಯಾದ ಚಿಕಿತ್ಸೆ. ಗುಣಪಡಿಸಲೆಂದೇ ಕೊಡುವುದು.

ಅತ್ತೆ ಮಾತ್ರ ರಾತ್ರಿ ನನ್ನ ಕೈಹಿಡಿದು, "ನಾನೇನು ತಪ್ಪು ಮಾಡಿದ್ದೆ?" ಅಂದರು. ಈ ಮಾತಿಗೆ ಮನೆಯವರು ಉತ್ತರ ಕೊಡಲೇಬೇಕು. ಕೊರಳಿನ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ವೈರಸ್. ಸಂಸಾರ ಮಾಡಿದ ಬಹುತೇಕರಿಗೆ ಎಂದಾದರೂ ತಗುಲುವಂಥದ್ದು, ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದುಕೊಂಡು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಯಾರಿಂದ, ಯಾವಾಗ ಅಂತ ಹುಡುಕುವುದರಲ್ಲಿ ಅರ್ಥವಿಲ್ಲ.

ಆ 15 ವರ್ಷ ನಮ್ಮ ಕೈಯಲ್ಲಿರುವ ಸಮಯ. 30 ದಾಟಿದವರು ಗರ್ಭಕೋಶದ ಕೊರಳಿನ ತಪಾಸಣೆ ಮಾಡಿಸಿ, ಎಚ್‌ಪಿವಿ ಲಸಿಕೆ ಹಾಕಿಸಿಕೊಂಡಿದ್ದರೂ. ನಾದಿನಿಯನ್ನು ಕರೆದೊಯ್ದಾಗ ನರ್ಸಮ್ಮ ಕೊರಳಿಗೆ ತೆಳು ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಇದೆಯಾ ನೋಡಿದರು. ಇರಲಿಲ್ಲ. ಮುಂದಿನದು ಐದು ವರ್ಷಕ್ಕೆ. ತಾರೀಖನ್ನು ಅತ್ತೆಯೇ ಕ್ಯಾಲೆಂಡರಿನ ಹಿಂದೆ ಬರೆಸಿದ್ದಾರೆ.