ಬದಿಯಡ್ಕದ ಬಟ್ಟೆ ಅಂಗಡಿಗೆ ರೇಡಿಯೋ ಗಿರಾಕಿ ತಂದದ್ದು ಹೀಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಂಥ ಪೇಟೆಯಲ್ಲಿರುವ ನಮ್ಮ ಬಟ್ಟೆ ಅಂಗಡಿಗೆ ರೇಡಿಯೋ ಜಾಹೀರಾತು ಯಾಕೆ, ನಾಲ್ಕು ಫ್ಲೆಕ್ಸ್ ಕಟ್ಟಿದರೆ ಸಾಕು ಅಂತ ಹೇಳದವರಿಲ್ಲ. ಕಳೆದ ದೀಪಾವಳಿ ವ್ಯಾಪಾರ ನೋಡಿದ ಮೇಲೆ ಅವರೇ ಬಂದು ಎಂತ ಮಾಡಿದ್ದು ಅಂತ ಕೇಳುತ್ತಿದ್ದಾರೆ. ಸ್ಪಾಟ್ ಅಂದರೆ ರೇಡಿಯೋದಲ್ಲಿ ಬರುವ ಚಿಕ್ಕ ಜಾಹೀರಾತು. ಇಷ್ಟು ಗೊತ್ತಿದ್ದರೆ ಸಾಕು, ನೇರ ವಿಷಯಕ್ಕೆ ಬರುತ್ತೇನೆ.

ಶುರುವಿಗೆ ಏಜೆನ್ಸಿ ಕೊಟ್ಟ ಪ್ಯಾಕೇಜನ್ನೇ ತಗೊಂಡಿದ್ದೆ. ಮಂಗಳೂರಿನ ಒಂದು ಖಾಸಗಿ ಎಫ್‌ಎಂನಲ್ಲಿ 10 ಸೆಕೆಂಡಿನ ಸ್ಪಾಟ್, ದಿನವಿಡೀ ಚದುರಿಸಿ. ಜಿಂಗಲ್ ಸೇರಿ 60 ಸಾವಿರದ ಹತ್ತಿರ ಹೋಯಿತು. ಹೊಸ ಗಿರಾಕಿ ಬರಲಿಲ್ಲ. ಕೇಳುಗರ ಲೆಕ್ಕ ಕೊಡಿ ಅಂದರೆ ದೊಡ್ಡ ನಗರಗಳ ಅಂಕಿ ತೋರಿಸಿದರು. ಡೈರಿ ಬರೆಸಿ ಕೇಳುಗರನ್ನು ಅಳೆಯುವ 'ರ‍್ಯಾಮ್' ನಡೆದದ್ದು ಮುಂಬೈ, ದೆಹಲಿ, ಬೆಂಗಳೂರು, ಕೋಲ್ಕತ್ತಾ ಈ 4 ನಗರಗಳಲ್ಲಿ. ನಮ್ಮ ಕಡೆಯ ಪೆರ್ಲದ ಅಡಿಕೆ ಅಂಗಳಕ್ಕೂ ಅದಕ್ಕೂ ಎಂತ ಸಂಬಂಧ?

ನಮ್ಮಲ್ಲಿ ಯಾರು ಕೇಳುತ್ತಾರೆ ಅಂತ ನೋಡಲು ನಾನೇ ಬೈಕ್ ಹತ್ತಿದೆ. 'ರೇಡಿಯೋ ಕೇಳ್ತೀರಾ' ಅಂದರೆ ಎಲ್ಲರದ್ದೂ 'ಇಲ್ಲ' ಎಂಬ ಉತ್ತರ. ಪೆರ್ಲದ ಹತ್ತಿರ ಒಬ್ಬ ಅಕ್ಕ "ನಮ್ಮಲ್ಲಿ ರೇಡಿಯೋ ಎಲ್ಲಿ ಉಂಟು ಅಣ್ಣ?" ಅಂದರು. ಹಾಗೆ ಹೇಳುವಾಗಲೇ ಕಿಟಕಿಯಲ್ಲಿದ್ದ ಹಳೇ ಕೀಪ್ಯಾಡ್ ಮೊಬೈಲು ಆಕಾಶವಾಣಿಯನ್ನು ಹಾಡಿಸುತ್ತಿತ್ತು. ಇಯರ್‌ಫೋನಿನ ವಯರನ್ನು ಕಿಟಕಿ ಸರಳಿಗೆ ಸುತ್ತಿದ್ದರು. ಏರಿಯಲ್ ಅದೇ ಅಲ್ವಾ? ಸೌಂಡ್ ಸ್ಪೀಕರಿಗೆ. ಅಕ್ಕನ ಮಡಿಲಲ್ಲಿ ಬೀಡಿಯ ಗೆರಸೆ.

ಅಲ್ಲಿಂದ ಪ್ರಶ್ನೆ ಬದಲಾಯಿಸಿದೆ. "ನಿನ್ನೆ ಮಧ್ಯಾಹ್ನ ಎಲ್ಲಿದ್ರಿ? ಕಿವಿಗೆ ಎಂತ ಬೀಳ್ತಿತ್ತು?" ಆಗ ಎಲ್ಲ ಹೊರಗೆ ಬಂತು. ಬೀಡಿ ಕಟ್ಟುವ ಮನೆಗಳು, ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಶೆಡ್ಡು, ಟೈಲರ್ ಅಂಗಡಿ, ಆಟೋ. ಬೆಳಿಗ್ಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಕಾರುಗಳಲ್ಲೂ ಜೋರಾಗಿ ಕೇಳುತ್ತಾರೆ. ಏಜೆನ್ಸಿಯ ಪ್ರೈಮ್ ಟೈಮ್ ಅದೇ, ರೇಟೂ ಜಾಸ್ತಿ. ಆದರೆ ಆ ಕಾರಿನವರು ಬಟ್ಟೆ ಕೊಳ್ಳುವುದು ಮಂಗಳೂರಿನ ಹಂಪನಕಟ್ಟೆಯಲ್ಲಿ. ಅವರಿಗೆ ನಾನ್ಯಾಕೆ ದುಡ್ಡು ಸುರಿಯಲಿ?

ಸಿಗ್ನಲ್ ಕೂಡ ನೋಡಬೇಕು. ಚಿಕ್ಕ ಸೆಟ್ ಹಿಡಿದು ತಿರುಗಿದೆ. ಹೆದ್ದಾರಿ ಬದಿಯ ಉಪ್ಪಳದಲ್ಲಿ ಚೊಕ್ಕ ಕೇಳುವ ಸ್ಟೇಷನ್ನು ಒಳಗಿನ ಗುಡ್ಡದ ಮರೆಗೆ ಹೋದರೆ ಬರೀ ಗರಗರ. ಮುಳ್ಳೇರಿಯ ಕಡೆ ನನ್ನ ಸೆಟ್ಟಿಗೆ ಮಂಗಳೂರು ಆಕಾಶವಾಣಿಯ 100.3 ಚೆನ್ನಾಗಿ ಸಿಕ್ಕಿತು. ಖಾಸಗಿಯವು ಬಂದು ಬಂದು ಹೋಗುತ್ತಿದ್ದವು.

ಯಾವ ಸ್ಪಾಟಿಗೆ ಯಾರು ಬಂದರು ಅಂತ ತಿಳಿಯಲು ಮೊದಲು ಮಿಸ್ಡ್ ಕಾಲ್ ನಂಬರ್ ಕೊಟ್ಟು ನೋಡಿದೆ. ಆಗಲಿಲ್ಲ. ಬೀಡಿ ಎಲೆ, ಹೊಗೆಸೊಪ್ಪು ಹಿಡಿದ ಕೈ 10 ಅಂಕಿ ಎಲ್ಲಿ ಬರೆಯುತ್ತದೆ? ಆಮೇಲೆ ಹೊತ್ತಿಗೊಂದು ಹೂವಿನ ಹೆಸರು ಇಟ್ಟೆ. ಬೆಳಿಗ್ಗೆಯ ಸ್ಪಾಟಲ್ಲಿ 'ಮಲ್ಲಿಗೆ', ಮಧ್ಯಾಹ್ನದ್ದರಲ್ಲಿ 'ಅಬ್ಬಲಿಗೆ', ಸಂಜೆಗೆ 'ಸೇವಂತಿಗೆ'. ಕೌಂಟರಲ್ಲಿ ಹೂವಿನ ಹೆಸರು ಹೇಳಿದವರಿಗೆ ಒಂದು ಬ್ಲೌಸ್ ಪೀಸ್ ಉಚಿತ. ಬಿಲ್ಲಿನ ಹಿಂದೆ ಹುಡುಗಿಯರು ಗುರುತು ಹಾಕಿದರು. ಹೂವು ಹೇಳಿದವರಲ್ಲಿ ಮುಕ್ಕಾಲು ಪಾಲು ಅಬ್ಬಲಿಗೆಯವರು! ಆ ಹೊತ್ತಿನ ರೇಟು ಬೆಳಗಿನದರ ಅರ್ಧ.

ಬೆಳಗಿನದ್ದನ್ನು ಪೂರ್ತಿ ಕಡಿದೆ. ದೀಪಾವಳಿಗೆ ಸುಮಾರು 25 ಸಾವಿರ ಹಾಕಿದೆ. ಹೂವು ಹೇಳಿಕೊಂಡು ಬಂದವರ ಬಿಲ್ಲೇ ಮೂರು ಲಕ್ಷ ದಾಟಿತು. ವಾರದಲ್ಲಿ ಯಾವ ದಿನ ಹಾಕುತ್ತೇನೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಬೀಡಿ ಬ್ರಾಂಚಿನಲ್ಲಿ ಲೆಕ್ಕ ಆಗಿ ಬೀಡಿ ಕಟ್ಟಿದವರ ಕೈಗೆ ಕೂಲಿ ಸಿಗುವ ದಿನ ಗೊತ್ತಿದ್ದವರಿಗೆ ಅಂದಾಜು ಆಗುತ್ತದೆ.

ನಡುವೆ ತುಳುವಿನಲ್ಲೂ ಒಂದು ಸ್ಪಾಟ್ ಮಾಡಿಸಿದೆ. ಇಬ್ಬರು ಹೆಂಗಸರು ಅಂಗಳದಲ್ಲಿ ಮಾತಾಡುವ ಹಾಗೆ, ಜಿಂಗಲ್ ಇಲ್ಲದೆ. ಕನ್ನಡದ್ದಕ್ಕಿಂತ ಅದನ್ನು ನೆನಪಿಟ್ಟವರು ಜಾಸ್ತಿ. ಓಣಕ್ಕೆ ಕಣ್ಣೂರು ಕಡೆಯ ಸ್ಟೇಷನ್ನಿನಲ್ಲಿ ಮಲಯಾಳದ್ದು ಹಾಕಿದ್ದು ಮಾತ್ರ ಹಿಡಿಯಲಿಲ್ಲ, 8 ಸಾವಿರ ಹೋಯಿತು. ಆ ಸ್ಟೇಷನ್ ಕೇಳುವ ಕಾಂಞಂಗಾಡಿನವರು ಸೀರೆಗೆ ಬದಿಯಡ್ಕಕ್ಕೆ ಬರುವುದಿಲ್ಲ.

ವಿಷುವಿಗೆ ಈ ಸಲ ಚಾಲಿ ಶೆಡ್ಡುಗಳ ಸಂಜೆ ಹೊತ್ತನ್ನು ಬೇರೆಯಾಗಿ ಅಳೆಯುತ್ತೇನೆ. ಹೊಸ ಹೂವು 'ಕೇಪಳ'.